ಪೆನಾಂಗ್‌ನಲ್ಲಿ ಗಡಿಯಾರ ನೋಡಿಕೊಂಡು ಉಣ್ಣಬೇಕು

ಮೊದಲ ದಿನ ಮಧ್ಯಾಹ್ನ ಹನ್ನೆರಡೂವರೆಗೆ ನಾನೂ ಅಮ್ಮನೂ ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್‌ಟೌನಿನ ಲೋರೊಂಗ್ ಬಾರುವಿಗೆ ಹೋಗಿ ನಿಂತೆವು. ನ್ಯೂ ಲೇನ್ ಎಂದು ಎಲ್ಲರೂ ಹೊಗಳುವ ತಿಂಡಿ ಬೀದಿ ಅದು. ಅಲ್ಲಿ ಹೆಸರುವಾಸಿ ಗಾಡಿಗಳ ಸುಳಿವೇ ಇರಲಿಲ್ಲ. ನೆತ್ತಿ ಸುಡುವ ಬಿಸಿಲು, ಖಾಲಿ ಹೊಟ್ಟೆ, ಜೊತೆಗೆ ಅರವತ್ತೆಂಟು ವರ್ಷದ ಅಮ್ಮ. ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಚೀನೀ ಅಜ್ಜಿಯೊಬ್ಬರು ನಮ್ಮನ್ನು ನೋಡಿ ಐದು ಬೆರಳೆತ್ತಿ, ಆಮೇಲೆ ಬನ್ನಿ ಎಂದು ಕೈಸನ್ನೆ ಮಾಡಿದರು. ಸಂಜೆ ಆರಕ್ಕೆ ಮತ್ತೆ ಹೋದಾಗ ಅದೇ ರಸ್ತೆಯ ಗುರುತು ಸಿಗಲಿಲ್ಲ. ಉದ್ದಕ್ಕೂ ಗಾಡಿ, ಬಾಣಲೆಯ ಹೊಗೆ, ಪ್ಲಾಸ್ಟಿಕ್ ಸ್ಟೂಲುಗಳು, ಕೂರಲು ಜಾಗ ಹುಡುಕುತ್ತಿರುವ ಜನ.

ತಿನ್ನಲಿಕ್ಕೆಂದೇ ಪೆನಾಂಗ್‌ಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಂಗಡಿಗಳ ಪಟ್ಟಿ ಆಮೇಲೆ, ಹೊತ್ತಿನ ಲೆಕ್ಕ ಮೊದಲು. ಅಲ್ಲಿ ಒಂದು ಗಾಡಿ ಎಂದರೆ ಸಾಮಾನ್ಯವಾಗಿ ಒಂದೇ ತಿಂಡಿ. ಅದನ್ನೇ ಮೂವತ್ತು ನಲವತ್ತು ವರ್ಷ ಮಾಡಿದ ಕೈ. ಮಾಡಿದ್ದು ಮುಗಿದರೆ ಅವರ ದಿನವೂ ಮುಗಿಯಿತು. ಬೆಳಗಿನ ತಿಂಡಿ ಹನ್ನೊಂದಕ್ಕೆ ಖಾಲಿ, ರಾತ್ರಿಯ ತಿಂಡಿ ಸಂಜೆಯವರೆಗೆ ಸಿಗದು. ವಾರದ ರಜೆಯೂ ಒಬ್ಬೊಬ್ಬರದು ಒಂದೊಂದು ದಿನ, ಮೊಬೈಲಿನ ನಕ್ಷೆಯಲ್ಲಿ ಕಾಣುವ ಸಮಯ ಎಷ್ಟೋ ಸಲ ಸುಳ್ಳಾಗುತ್ತದೆ. ಹಾಗಾಗಿ ಹೊರಡುವ ಮುಂಚೆ ಆಚೀಚೆ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ಜಾಗವನ್ನೂ ನೋಡಿಟ್ಟುಕೊಳ್ಳಿ. ಚೀನೀ ಹೊಸವರ್ಷದ ದಿನಗಳಲ್ಲಿ ಚೀನೀ ಗಾಡಿಗಳು ಸಾಲಾಗಿ ಮುಚ್ಚಿರುತ್ತವೆ. ರಂಜಾನ್ ತಿಂಗಳಲ್ಲಿ ಮಲಯ್ ಗಾಡಿಗಳು ಹಗಲು ಮುಚ್ಚಿದ್ದು, ಸಂಜೆ ಬಜಾರುಗಳಲ್ಲಿ ಜೀವ ಬರುತ್ತದೆ.

ಪ್ರಯಾಣದ ಮಾತು ಬೇಗ ಮುಗಿಸುತ್ತೇನೆ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನ, ಸುಮಾರು ನಾಲ್ಕು ಗಂಟೆ. ಅಲ್ಲಿಂದ ನಾವು ರೈಲು ಹಿಡಿದು ಬಟರ್‌ವರ್ತ್‌ಗೆ ಹೋಗಿ, ಅಲ್ಲಿಂದ ಫೆರಿಯಲ್ಲಿ ದ್ವೀಪಕ್ಕೆ ದಾಟಿದೆವು. ಸಮುದ್ರದ ಮೇಲಿಂದ ಊರು ಹತ್ತಿರವಾಗುವುದನ್ನು ನೋಡುವುದಕ್ಕಾದರೂ ಒಮ್ಮೆ ಹೀಗೇ ಹೋಗಿ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಡ ಎಂಬ ವ್ಯವಸ್ಥೆ ಬಂದಿದೆ. ಟಿಕೆಟ್ ತೆಗೆಯುವ ಮುನ್ನ ಅದು ಮುಂದುವರಿದಿದೆಯೇ ನೋಡಿಕೊಳ್ಳಿ. ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ಉಳಿಯುವುದು ಜಾರ್ಜ್‌ಟೌನಿನ ಹಳೇ ಊರಿನೊಳಗೇ ಇರಲಿ. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು ಅದು, ತಿಂಡಿ ಬೀದಿಗಳೆಲ್ಲ ಕಾಲ್ನಡಿಗೆಯ ದೂರ. ಊರೊಳಗೆ ಉಚಿತ ಕ್ಯಾಟ್ ಬಸ್ ಇದೆ, ದೂರಕ್ಕೆ ಗ್ರ್ಯಾಬ್ ಎಂಬ ಮೊಬೈಲ್ ಟ್ಯಾಕ್ಸಿ ಸಿಗುತ್ತದೆ.

ಕೈಯಲ್ಲಿ ನಗದು ಇರಲೇಬೇಕು, ಅದೂ ಚಿಲ್ಲರೆ ನೋಟು. ಅಲ್ಲಿಯ ಒಂದು ರಿಂಗಿಟ್ ನಾವು ಹೋದಾಗ ಹೆಚ್ಚೂಕಡಿಮೆ 20 ರೂಪಾಯಿ ಇತ್ತು. ಆಗ ಚಾರ್ ಕ್ವೇ ತಿಯಾವ್ ಎಂಬ ಹುರಿದ ನೂಡಲ್ಸ್ ಒಂದು ತಟ್ಟೆಗೆ 8ರಿಂದ 12 ರಿಂಗಿಟ್, ಚೆಂಡೋಲ್ ಎಂಬ ತಣ್ಣನೆಯ ಸಿಹಿ ಒಂದು ಬಟ್ಟಲಿಗೆ ಸುಮಾರು 5 ರಿಂಗಿಟ್ ಇತ್ತು. ಟಿಶ್ಯೂ ಕಾಗದದ ಒಂದು ಪ್ಯಾಕೆಟ್ ಚೀಲದಲ್ಲಿರಲಿ, ಗಾಡಿಗಳಲ್ಲಿ ಕೊಡುವುದಿಲ್ಲ.

ಕೋಪಿಟಿಯಾಮ್ ಎಂಬ ಚೀನೀ ಕಾಫಿ ಅಂಗಡಿಗಳ ಕ್ರಮ ಗೊತ್ತಿಲ್ಲದಿದ್ದರೆ ಮೊದಲ ದಿನ ತಬ್ಬಿಬ್ಬಾಗುತ್ತದೆ. ಒಂದೇ ಸೂರಿನಡಿ ಏಳೆಂಟು ಗಾಡಿಗಳು, ಅವು ಬೇರೆ ಬೇರೆಯವರವು. ಪಾನೀಯ ಮಾತ್ರ ಅಂಗಡಿ ಯಜಮಾನನದು. ಮೊದಲು ಮೇಜು ಹಿಡಿಯಿರಿ, ಮೇಜಿನ ಸಂಖ್ಯೆ ನೆನಪಿಟ್ಟುಕೊಳ್ಳಿ, ಗಾಡಿಗೆ ಹೋಗಿ ಹೇಳಿ ಬನ್ನಿ, ತಿಂಡಿ ಬಂದಾಗ ದುಡ್ಡು ಕೊಡಿ. ಪಾನೀಯ ಕೇಳಲು ಒಬ್ಬರು ಮೇಜಿಗೇ ಬರುತ್ತಾರೆ. ತಲೆಗೊಂದರಂತೆ ಏನಾದರೂ ಹೇಳುವುದು ಅಲ್ಲಿಯ ಮರ್ಯಾದೆ, ಹೇಳದಿದ್ದರೆ ಕೆಲವು ಕಡೆ ಕೂತದ್ದಕ್ಕೇ ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ. ಬರೀ ಕೋಪಿ ಎಂದರೆ ಮಂದ ಸಿಹಿಹಾಲು ಹಾಕಿದ ಕಾಫಿ. ಕೋಪಿ ಓ ಎಂದರೆ ಹಾಲಿಲ್ಲದ್ದು, ಕೋಸೊಂಗ್ ಎಂದು ಸೇರಿಸಿದರೆ ಸಕ್ಕರೆಯೂ ಇಲ್ಲ. ಸಿಹಿ ಕಡಿಮೆ ಬೇಕಿದ್ದರೆ ‘ಕುರಾಂಗ್ ಮಾನಿಸ್’, ಕಟ್ಟಿಸಿಕೊಳ್ಳಲು ‘ತಾಪಾವ್’. ಸಕ್ಕರೆ ಕಾಯಿಲೆಯ ಅಮ್ಮ ನಾಲ್ಕು ದಿನದಲ್ಲಿ ಈ ಎರಡು ಶಬ್ದಗಳಿಂದಲೇ ಊರೆಲ್ಲ ಸುಧಾರಿಸಿದಳು. ಗಾಡಿಯವರನ್ನು ಅಂಕಲ್, ಆಂಟಿ ಎಂದೇ ಕರೆಯುವುದು ಅಲ್ಲಿಯೂ ರೂಢಿ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ.

ಇಬ್ಬರಿದ್ದರೆ ಒಂದೇ ತಟ್ಟೆ ಹೇಳಿ ಹಂಚಿಕೊಳ್ಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೀಗೆ ಮಾಡಿದ್ದರಿಂದಲೇ ನಾವು ದಿನಕ್ಕೆ ಐದಾರು ಬಗೆ ರುಚಿ ನೋಡಲು ಆಯಿತು.

ಈಗ ಅಸಾಮ್ ಲಕ್ಸಾ, ಅಂದರೆ ಹುಳಿ ಮೀನು ಸಾರಿನ ಶಾವಿಗೆ. ಉಡುಪಿಯವಳಾದ ನನಗೆ ಆ ದ್ವೀಪದಲ್ಲಿ ಮರೆಯಲಾಗದ್ದು ಯಾವುದು ಎಂದು ಕೇಳಿದರೆ ಇದೇ. ಕೆಕ್ ಲೋಕ್ ಸಿ ದೇವಾಲಯ ನೋಡಲು ಬಸ್ಸಿನಲ್ಲಿ ಆಯರ್ ಈತಾಮ್‌ಗೆ ಹೋಗುತ್ತೀರಲ್ಲ, ಅಲ್ಲಿಯ ಮಾರುಕಟ್ಟೆಯ ಹತ್ತಿರವೇ ತಿನ್ನಿ. ಅದರ ಸಾರಿನ ಜೀವ ಈಕಾನ್ ಕೆಂಬೊಂಗ್ ಎಂಬ ಮೀನು. ಅದು ನಮ್ಮ ಬಂಗುಡೆಯೇ. ಬೇಯಿಸಿ, ಮುಳ್ಳು ತೆಗೆದು, ಬಿಡಿಸಿ ಸಾರಿಗೆ ಸೇರಿಸುತ್ತಾರೆ. ಹುಳಿಗೆ ಹುಣಸೆಹಣ್ಣು, ಅದರ ಜೊತೆ ಅಸಾಮ್ ಕೆಪಿಂಗ್ ಎಂದು ಹೆಚ್ಚಿ ಒಣಗಿಸಿದ ಒಂದು ಕಾಯಿ. ನಮ್ಮ ಪುನರ್ಪುಳಿ, ಉಪ್ಪಾಗೆಗಳ ಬಳಗದ್ದು ಅದು. ಮೇಲೆ ದಪ್ಪ ಅಕ್ಕಿ ಶಾವಿಗೆ, ಸೌತೆ, ಅನಾನಸು, ಈರುಳ್ಳಿ, ಪುದೀನ, ಶುಂಠಿ ಜಾತಿಯ ಗಿಡವೊಂದರ ಗುಲಾಬಿ ಬಣ್ಣದ ಮೊಗ್ಗನ್ನು ಸಣ್ಣಗೆ ಹೆಚ್ಚಿದ್ದು. ಕೊನೆಗೆ ಒಂದು ಚಮಚ ಹೇ ಕೋ, ಅಂದರೆ ಬೆಲ್ಲದ ಪಾಕದಂತೆ ಕಪ್ಪಗೆ ಮಂದವಾದ ಸೀಗಡಿ ಗೊಜ್ಜು. ಅದನ್ನು ಒಮ್ಮೆಲೇ ಕಲಸಬೇಡಿ. ಮೊದಲು ಸಾರನ್ನು ಹಾಗೇ ಕುಡಿದು ನೋಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಹುಳಿ, ಖಾರ, ಸಿಹಿ ಒಂದರ ಹಿಂದೆ ಒಂದು ಬರುವುದು ಆಗ ತಿಳಿಯುತ್ತದೆ. ಅಮ್ಮ ಎರಡು ಚಮಚ ಕುಡಿದು, "ಇದು ಬಂಗುಡೆ ಪುಳಿಮುಂಚಿಯ ತಂಗಿ ಅಲ್ವಾ?" ಅಂದಳು. ಅದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುವುದಿಲ್ಲ. ಕೌಲಾಲಂಪುರ, ಸಿಂಗಪುರಗಳಲ್ಲಿ ಲಕ್ಸಾ ಎಂದರೆ ಸಾಮಾನ್ಯವಾಗಿ ತೆಂಗಿನ ಹಾಲಿನದು ಕೊಡುತ್ತಾರೆ. ಅದೇ ಬೇರೆ, ಇದೇ ಬೇರೆ.

ಚಾರ್ ಕ್ವೇ ತಿಯಾವ್ ಹೆಸರು ಎಲ್ಲರೂ ಕೇಳಿರುತ್ತೀರಿ. ಅಕ್ಕಿ ಹಿಟ್ಟಿನ ಅಗಲ ಪಟ್ಟಿಗಳು, ಸೀಗಡಿ, ಮರುವಾಯಿಯಂಥ ಚಿಪ್ಪುಮೀನು, ಮೊಳಕೆ ಕಾಳು, ಮೊಟ್ಟೆ, ಸೋಯಾ ಸಾಸ್. ಕೆಂಪಗೆ ಕಾದ ಬಾಣಲೆಯಲ್ಲಿ ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಹುರಿಯುವವರ ಬಳಿ ಸಾಲು ಉದ್ದವಿದ್ದರೂ ನಿಲ್ಲಿ. ಮೂರ್ನಾಲ್ಕು ತಟ್ಟೆ ಒಟ್ಟಿಗೆ ಹುರಿದರೆ ಆ ಸುಟ್ಟ ಪರಿಮಳ ಹಿಡಿಯುವುದಿಲ್ಲ. ಬಾತುಕೋಳಿ ಮೊಟ್ಟೆ ಹಾಕಿಸಿಕೊಂಡರೆ ಇನ್ನೂ ಚೆನ್ನ. ಆದರೆ ಇದನ್ನು ಹುರಿಯುವುದು ಹೆಚ್ಚಾಗಿ ಹಂದಿ ಕೊಬ್ಬಿನಲ್ಲಿ, ಎಷ್ಟೋ ಕಡೆ ಚೀನೀ ಸಾಸೇಜನ್ನೂ ಸೇರಿಸುತ್ತಾರೆ. ಹೊಕಿಯನ್ ಮೀ ಎಂಬ ಕೆಂಪು ಸಾರಿನ ನೂಡಲ್ಸ್‌ನಲ್ಲೂ ಸೀಗಡಿ ಸಿಪ್ಪೆಯ ಜೊತೆ ಹಂದಿ ಮೂಳೆ ಬೆಂದಿರುತ್ತದೆ. ಹಂದಿ ತಿನ್ನದವರು ಚೀನೀ ಗಾಡಿಯಲ್ಲಿ ಮೊದಲೇ ಕೇಳಿ, ಇಲ್ಲವೇ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಮೀ ಗೊರೆಂಗ್ ಎಂಬ ಹುರಿದ ನೂಡಲ್ಸ್ ತಿನ್ನಿ. ಮಲಯ್ ಮತ್ತು ಮಾಮಕ್ ಗಾಡಿಗಳಲ್ಲಿ ಹಂದಿ ಇರುವುದೇ ಇಲ್ಲ, ದನದ ಮಾಂಸ ಇರಬಹುದು. ಅದಕ್ಕೆ ‘ಲೆಂಬು’ ಎನ್ನುತ್ತಾರೆ, ಆ ಶಬ್ದ ನೆನಪಿರಲಿ. ಎರಡೂ ಬಗೆಯ ಗಾಡಿಗಳಿರುವ ಜಾಗದಲ್ಲಿ ಚೀನೀ ತಟ್ಟೆಯನ್ನು ಮಲಯ್ ಗಾಡಿಯವರ ಮೇಜಿಗೆ ಒಯ್ಯಬೇಡಿ, ಅದು ಅವರಿಗೆ ನಿಜಕ್ಕೂ ನೋವಾಗುವ ವಿಷಯ.

ಮಲಯ್ ಊಟದಲ್ಲಿ ಬೆಳಗಿನ ನಾಸಿ ಲೆಮಾಕ್ ಬಿಡಬೇಡಿ. ತೆಂಗಿನ ಹಾಲಿನಲ್ಲಿ ಬೆಂದ ಅನ್ನ, ಸಾಂಬಾಲ್ ಎಂಬ ಮೆಣಸಿನ ಗೊಜ್ಜು, ಹುರಿದ ಪುಟ್ಟ ಒಣಮೀನು, ಕಡಲೆಬೀಜ, ಮೊಟ್ಟೆ, ಎಲ್ಲ ಬಾಳೆಲೆಯಲ್ಲಿ ಗೋಪುರದಂತೆ ಕಟ್ಟಿದ್ದು. ಅನ್ನಕ್ಕೆ ಪರಿಮಳ ಕೊಡುವ ಪಾಂಡಾನ್ ಎಲೆ ನಮ್ಮ ಕೇದಗೆಯ ಜಾತಿಯದೇ. ನಾಸಿ ಕಂದರ್ ತಮಿಳು ಮುಸ್ಲಿಮರದು. ಹಿಂದೆ ಹೆಗಲ ಮೇಲಿನ ಅಡ್ಡೆಯಲ್ಲಿ ಅನ್ನ, ಸಾರು ಹೊತ್ತು ಮಾರುತ್ತಿದ್ದರಂತೆ, ಆ ಅಡ್ಡೆಯ ಹೆಸರೇ ಊಟಕ್ಕೂ ಬಂದಿದೆ. ‘ಬಂಜಿರ್’ ಎಂದರೆ ಐದಾರು ಬಗೆ ಸಾರನ್ನು ಅನ್ನದ ಮೇಲೆ ಹೊಳೆ ಹರಿದಂತೆ ಸುರಿಯುತ್ತಾರೆ. ಅಲ್ಲಿ ಬೆಂಡೆಕಾಯಿಗೆ ‘ಬೆಂಡಿ’ ಎನ್ನುತ್ತಾರೆ, ಬೆರಳು ತೋರಿಸುವ ಅಗತ್ಯವೂ ಬೀಳಲಿಲ್ಲ.

ಸಸ್ಯಾಹಾರಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಮ್ಮ ಶನಿವಾರ ಮತ್ತು ಸೋಮವಾರ ಮೀನು ಮುಟ್ಟುವುದಿಲ್ಲ. ಶನಿವಾರ ಒಂದು ಗಾಡಿಯಲ್ಲಿ ‘ಸಯೂರ್’, ಅಂದರೆ ತರಕಾರಿ ಎಂದು ಹೇಳಿ ತರಿಸಿದ ಪಲ್ಯದಲ್ಲಿ ಸೀಗಡಿಯ ವಾಸನೆ ಬಂತು. ಅಮ್ಮ ತಟ್ಟೆ ಸರಿಸಿ, ಮಾತಾಡದೆ ಕೂತಳು. ತಪ್ಪು ಗಾಡಿಯವರದಲ್ಲ. ತರಕಾರಿ ಎಂದರೆ ಅವರಿಗೆ ಮಾಂಸದ ತುಂಡು ಇಲ್ಲದ್ದು, ಬೆಲಾಚಾನ್ ಎಂಬ ಸೀಗಡಿ ಗಟ್ಟಿ ಮಾತ್ರ ಸಾಂಬಾಲಿಗೂ ಪಲ್ಯಕ್ಕೂ ಉಪ್ಪಿನಷ್ಟೇ ಸಹಜ. ಆದ್ದರಿಂದ ‘ತಾ ಮಾವ್ ಡಾಗಿಂಗ್, ಆಯಾಮ್, ಈಕಾನ್, ಊಡಾಂಗ್, ಬೆಲಾಚಾನ್’, ಅಂದರೆ ಮಾಂಸ, ಕೋಳಿ, ಮೀನು, ಸೀಗಡಿ, ಸೀಗಡಿ ಗಟ್ಟಿ ಎಂದು ಒಂದೊಂದನ್ನೂ ಹೆಸರಿಸಿ ಬೇಡ ಎನ್ನಿ. ಇದಕ್ಕಿಂತ ನೆಮ್ಮದಿಯ ದಾರಿ ಎಂದರೆ ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು. ವೆಜಿಟೇರಿಯನ್ ಎಂಬ ಬೋರ್ಡ್ ಇರುತ್ತದೆ, ಹೆಚ್ಚಿನ ಕಡೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಸೋಯಾದಲ್ಲಿ ಮಾಡಿದ ಮೀನಿನ ಆಕಾರ ನೋಡಿ ಗಾಬರಿಯಾಗಬೇಡಿ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಹೆಚ್ಚಿನ ವರ್ಷಗಳಲ್ಲಿ ನಮ್ಮ ನವರಾತ್ರಿಯ ಹೊತ್ತಿಗೇ, ಅಲ್ಲಿ ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ. ಭಕ್ತರು ಸಸ್ಯಾಹಾರದ ವ್ರತ ಹಿಡಿಯುವುದರಿಂದ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಗಾಡಿಗಳು ಊರ ತುಂಬ ಏಳುತ್ತವೆ. ಅಪ್ಪಟ ಸಸ್ಯಾಹಾರಿಗಳು ಪ್ರವಾಸವನ್ನು ಆ ದಿನಗಳಿಗೇ ಹೊಂದಿಸಿಕೊಳ್ಳಬಹುದು. ಇನ್ನು ರೊಟಿ ಚನಾಯ್, ನಮ್ಮ ಪರೋಟದ ಸಂಬಂಧಿ, ಎಲ್ಲ ಕಡೆ ಸಿಗುತ್ತದೆ. ‘ಡಾಲ್ ಸಾಜಾ’ ಎಂದರೆ ಬೇಳೆ ಸಾರು ಮಾತ್ರ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕುವವರೂ ಇದ್ದಾರೆ, ಕೇಳಿಕೊಳ್ಳಿ. ಯಾವುದೂ ಒಗ್ಗದಿದ್ದರೆ ಲಿಟಲ್ ಇಂಡಿಯಾದಲ್ಲಿ ಬಾಳೆಲೆ ಊಟ ಇದ್ದೇ ಇದೆ.

ಸಿಹಿಯ ವಿಷಯದಲ್ಲಿ ಸಸ್ಯಾಹಾರಿಗಳಿಗೂ ತೊಡಕು ಕಡಿಮೆ. ಹೆಚ್ಚಿನವು ಅಕ್ಕಿ, ತೆಂಗು, ಬೆಲ್ಲ. ಪೆನಾಂಗ್ ರಸ್ತೆಯಿಂದ ಒಳಗೆ ತಿರುಗುವ ಲೆಬು ಕೆಂಗ್ ಕ್ವೀ ಎಂಬ ಓಣಿಯಲ್ಲಿ 1936ರಿಂದ ನಡೆದು ಬಂದ ಚೆಂಡೋಲ್ ಗಾಡಿಯಿದೆ. ಪಾಂಡಾನ್ ರಸದಿಂದ ಹಸಿರಾದ ಗಿಡ್ಡ ಶಾವಿಗೆ, ಕೆಂಪು ಕಾಳು, ಹೆರೆದ ಮಂಜು, ತೆಂಗಿನ ಹಾಲು, ಮೇಲೆ ಗುಲ ಮೆಲಾಕ ಎಂಬ ಕಪ್ಪು ಬೆಲ್ಲದ ಪಾಕ. ತೆಂಗಿನ ಮರದ ಹೊಂಬಾಳೆಯಿಂದ ಇಳಿಸಿದ ನೀರಾ ಕಾಯಿಸಿ ಮಾಡುವ ಬೆಲ್ಲ ಅದು, ತುಸು ಹೊಗೆಯ ಪರಿಮಳ. ಓಣಿಯಲ್ಲಿ ನಿಂತೇ ತಿನ್ನಬೇಕು. ಮಧ್ಯಾಹ್ನ ಎರಡು ಮೂರರ ಬಿಸಿಲಲ್ಲಿ ಹೋಗಿ, ಮಂಜು ಕರಗುವ ಮುಂಚೆ ಅರ್ಧ, ಕರಗಿದ ಮೇಲೆ ಅರ್ಧ ತಿನ್ನಿ. ಒತ್ತು ಶಾವಿಗೆಗೆ ಬೆಲ್ಲದ ಕಾಯಿಹಾಲು ಸುರಿದುಕೊಂಡು ಬೆಳೆದವರಿಗೆ ಅದರ ರುಚಿ ಪರಿಚಯ ಮಾಡಿಸಬೇಕಿಲ್ಲ. ಒತ್ತು ಶಾವಿಗೆಯೇ ಅಲ್ಲಿ ಪುಟು ಮಾಯಮ್ ಎಂಬ ಹೆಸರಲ್ಲಿ, ತೆಂಗಿನ ತುರಿ ಮತ್ತು ಬೆಲ್ಲದ ಜೊತೆ ಸಿಗುತ್ತದೆ. ಅಪ್ಪಂ ಕೂಡ ‘ಅಪೋಮ್’ ಆಗಿದೆ.

ಕುಯಿ ಎಂಬ ಸಣ್ಣ ಸಿಹಿಗಳಿಗೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳು ಖಾಲಿ. ಹಲವು ಬಗೆ ನ್ಯೋನ್ಯ ಮನೆತನಗಳಿಂದ ಬಂದವು, ಅಂದರೆ ಅಲ್ಲಿ ನೆಲೆಸಿ ಮಲಯ್ ಅಡುಗೆಯನ್ನು ತಮ್ಮದಾಗಿಸಿಕೊಂಡ ಚೀನೀಯರಿಂದ. ಒಂಡೆ ಒಂಡೆ ಎಂಬ ಪುಟ್ಟ ಉಂಡೆಯನ್ನು ಇಡಿಯಾಗಿಯೇ ಬಾಯಿಗೆ ಹಾಕಿಕೊಳ್ಳಿ, ಕಚ್ಚಿದರೆ ಒಳಗಿನ ಬೆಲ್ಲದ ಪಾಕ ಅಂಗಿಯ ಮೇಲೆ ಚಿಮ್ಮುತ್ತದೆ. ಮೋದಕದಲ್ಲಿ ಒಳಗಿರುವ ತೆಂಗಿನ ತುರಿ ಇದರಲ್ಲಿ ಹೊರಗೆ ಮೆತ್ತಿಕೊಂಡಿರುತ್ತದೆ. ಪುಲುಟ್ ತಾಯ್ ತಾಯ್ ಎಂಬ ಅಂಟಕ್ಕಿಯ ಕಡುಬಿನ ನೀಲಿ ಬಣ್ಣ ಶಂಖಪುಷ್ಪದ್ದು. ಅದಕ್ಕೆ ಕಾಯಾ ಎಂಬ ತೆಂಗಿನ ಹಾಲಿನ ಜಾಮ್ ಹಚ್ಚಿ ತಿನ್ನುತ್ತಾರೆ, ಕಾಯಾದಲ್ಲಿ ಮೊಟ್ಟೆ ಇದೆ ಎಂಬುದು ಗಮನದಲ್ಲಿರಲಿ. ರಾತ್ರಿ ಕಿಂಬರ್ಲಿ ಬೀದಿಯಲ್ಲಿ ಬಿಸಿ ಸಿಹಿ ಸಾರುಗಳು, ಶುಂಠಿ ಪಾಕದ ಸೋಯಾ ಗಿಣ್ಣಿನಂಥ ತಾವ್ ಫೂ ಫಾ. ಬಾಯಾರಿಕೆಗೆ ಜಾಯಿಕಾಯಿಯ ಶರಬತ್ತು, ಇಲ್ಲವೇ ಅಂಬ್ರಾ. ಅಂಬ್ರಾ ನಮ್ಮ ಅಂಬಟೆಯ ಬಳಗದ್ದೇ, ಉಪ್ಪಿನಲ್ಲಿ ಒಣಗಿಸಿದ ಪ್ಲಮ್ ಹಾಕಿ ಕೊಡುತ್ತಾರೆ. ಅಮ್ಮ ದಿನಕ್ಕೆ ಎರಡು ಲೋಟ ಕುಡಿದಳು. ಕಟು ವಾಸನೆಯ ದುರಿಯನ್ ಹಣ್ಣಿನ ಕಾಲ ಹೆಚ್ಚಾಗಿ ಜೂನ್, ಜುಲೈ. ಅಲ್ಲೇ ತಿಂದು ಕೈ ತೊಳೆದು ಬನ್ನಿ, ಹೋಟೆಲ್ ಕೋಣೆಗೆ ಬಿಡುವುದಿಲ್ಲ.

ಮನೆಗೆ ತರುವುದಾದರೆ ಕಾಯಾ ಬಾಟಲಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿದ್ದರೆ ತೆಗೆದಿಟ್ಟುಬಿಡುತ್ತಾರೆ. ಕುಯಿ ಸಂಜೆಯವರೆಗೂ ಉಳಿಯುವುದಿಲ್ಲ. ನಾವು ಕೊನೆಯ ಬೆಳಿಗ್ಗೆ ಏಳಕ್ಕೇ ಮಾರುಕಟ್ಟೆಗೆ ಹೋಗಿ ಒಂದು ಪೊಟ್ಟಣ ಒಂಡೆ ಒಂಡೆ ಕಟ್ಟಿಸಿ, ಫೆರಿಯ ಬೆಂಚಿನ ಮೇಲೆ ಕೂತು ಬಟರ್‌ವರ್ತ್ ಬರುವುದರೊಳಗೆ ಮುಗಿಸಿದೆವು.