ಸ್ಕಿಜೋಫ್ರೇನಿಯಾದ ಜೀನ್ ಒಬ್ಬೊಬ್ಬರಲ್ಲಿ ಒಂದೊಂದಾ?

ತಳಿವಿಜ್ಞಾನದ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಾದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸ್ಕಿಜೋಫ್ರೇನಿಯಾ ಎನ್ನುವ ಮಾನಸಿಕ ಕಾಯಿಲೆ ತರುವ ಜೀನ್ ಯುರೋಪಿನವರಲ್ಲಿ ಒಂದು, ಏಷ್ಯಾದವರಲ್ಲಿ ಇನ್ನೊಂದಾ?"

ಮೊದಲು, "ಆ ಜೀನ್" ಅಂತ ಒಂದಿಲ್ಲ. 2022ರ ದೊಡ್ಡ ಅಧ್ಯಯನ 76,755 ರೋಗಿಗಳ ಡಿಎನ್ಎಯನ್ನು ಜಾಲಾಡಿತು. ಕೊನೆಗೆ ಸಿಕ್ಕಿದ್ದು ಕಾಯಿಲೆಗೆ ನಂಟಿರುವ 287 ಜಾಗಗಳು. ಒಂದೊಂದರ ಪಾಲೂ ಸಾಸಿವೆಯಷ್ಟು.

ಈ ಕೆಲಸಕ್ಕೆ ಡಿಎನ್ಎ ಕೊಟ್ಟವರಲ್ಲಿ ಯುರೋಪ್ ಮೂಲದವರೇ ಜಾಸ್ತಿ. ಹಾಗಾದರೆ ಉಳಿದವರ ಕಥೆ? 2019ರಲ್ಲಿ ಪೂರ್ವ ಏಷ್ಯಾದ 22,778 ರೋಗಿಗಳನ್ನು ಬೇರೆಯಾಗಿ ನೋಡಿದರು. ಎರಡೂ ಕಡೆಯ ಸಾಮಾನ್ಯ ರೂಪಾಂತರಗಳ (ಬಹಳ ಜನರಲ್ಲಿ ಕಾಣುವ ಡಿಎನ್ಎ ವ್ಯತ್ಯಾಸಗಳ) ಪ್ರಭಾವ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿದರೆ 0.98 ಬಂತು. 1 ಬಂದಿದ್ದರೆ ಪೂರ್ತಿ ಒಂದೇ ಎಂದರ್ಥ. ಅಂದರೆ ಬೇರು ಒಂದೇ.

ಆದರೂ ಯುರೋಪಿನ ಲೆಕ್ಕದಿಂದ ಮಾಡಿದ ಅಪಾಯದ ಸ್ಕೋರ್, ಅಂದರೆ ಇಂಥ ಸಣ್ಣ ಸಣ್ಣ ಪಾಲುಗಳನ್ನೆಲ್ಲ ಕೂಡಿಸಿದ ಅಂಕ, ಬೇರೆಯವರಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ವಿಚಿತ್ರ ಅಲ್ವಾ? ಈ ಅಧ್ಯಯನಗಳು ಹೆಚ್ಚಾಗಿ ಹಿಡಿಯುವುದು ನಿಜವಾದ ತಪ್ಪಿತಸ್ಥನನ್ನಲ್ಲ, ಅವನ ಪಕ್ಕದ ಗುರುತನ್ನು. "ಹಸಿರು ಗೇಟಿನ ಪಕ್ಕದ ಮನೆ" ಎಂದು ವಿಳಾಸ ಹೇಳಿದ ಹಾಗೆ. ಇನ್ನೊಂದು ಊರಿನಲ್ಲಿ ಅದೇ ಮನೆ ಇರುತ್ತದೆ, ಗೇಟು ಮಾತ್ರ ಬೇರೆ ಬೀದಿಯಲ್ಲಿ. ಆಫ್ರಿಕಾ ಮೂಲದವರಲ್ಲಂತೂ ಡಿಎನ್ಎ ವೈವಿಧ್ಯ ಎಲ್ಲರಿಗಿಂತ ಜಾಸ್ತಿ, ತಲೆಮಾರುಗಳಿಂದ ಒಟ್ಟಿಗೆ ಸಾಗಿಬಂದ ಡಿಎನ್ಎ ತುಂಡುಗಳು ಚಿಕ್ಕವು. ಗೇಟು ನಂಬಿ ಹೋದವರು ಅಲ್ಲಿ ದಾರಿ ತಪ್ಪುವುದೇ ಹೆಚ್ಚು.

ಕೆಲವು ಸಲ ಗುರುತೇ ಇರುವುದಿಲ್ಲ. ಯುರೋಪಿನವರಲ್ಲಿ ಅತಿ ಗಟ್ಟಿಯಾಗಿ ಕಾಣುವುದು 6ನೇ ಕ್ರೋಮೋಸೋಮಿನ ರೋಗನಿರೋಧಕ ಜೀನ್‌ಗಳ ಪ್ರದೇಶ. ಏಷ್ಯಾದ ಅಧ್ಯಯನದಲ್ಲಿ ಅದು ಎದ್ದು ಕಾಣಲಿಲ್ಲ. ಅಲ್ಲಿ ಆ ರೂಪಾಂತರಗಳೇ ಅಪರೂಪ.

ನನಗೆ ಇಷ್ಟವಾದದ್ದು 2020ರ ಒಂದು ಚಿಕ್ಕ ಅಧ್ಯಯನ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ 909 ರೋಗಿಗಳು, ಹೆಚ್ಚುಕಡಿಮೆ ಅಷ್ಟೇ ಮಂದಿ ಆರೋಗ್ಯವಂತರು. ಜೀನನ್ನು ಕೆಡಿಸುವ ಅಪರೂಪದ ಬದಲಾವಣೆಗಳು ರೋಗಿಗಳಲ್ಲಿ ಜಾಸ್ತಿ ಇದ್ದವು. ಅದರಲ್ಲೂ ನರಕೋಶಗಳು ಒಂದಕ್ಕೊಂದು ಮಾತಾಡುವ ಜಾಗ, ಸಿನಾಪ್ಸ್, ಅದಕ್ಕೆ ಬೇಕಾದ ಜೀನ್‌ಗಳಲ್ಲಿ. ಸ್ವೀಡನ್ನಿನ ರೋಗಿಗಳಲ್ಲಿ ಕಂಡದ್ದೂ ಅದೇ ದಿಕ್ಕಿನದು.

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಮೆಲ್ಲಗೆ ಬರುತ್ತದೆ: "ಅಣ್ಣನಿಗೆ ಈ ಕಾಯಿಲೆ ಇದೆ. ನಾನೂ ಸ್ಕೋರ್ ಟೆಸ್ಟ್ ಮಾಡಿಸಲಾ?" ಸುಮ್ನೆ ದುಡ್ಡು ಕಳೆಯಬೇಡಿ ಎನ್ನುತ್ತೇನೆ. ಡಿಎನ್ಎ ಪೂರ್ತಿ ಒಂದೇ ಆದ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧ. ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಹತ್ತು. ಉಳಿದ ತೊಂಬತ್ತು ಜನಕ್ಕೆ ಬರುವುದೇ ಇಲ್ಲ.