ತುರುಪು ಕೇಳಿದವನು ಹೊಡೀಲೇಬೇಕಾ?

ಹೊಸಬರ ಜೊತೆ ಇಪ್ಪತ್ತೆಂಟು ಅನ್ನುವ ಕಾರ್ಡಿನಾಟ ಆಡೋಕೆ ಕೂತರೆ, ಎಲೆ ಹಂಚುವ ಮುಂಚೆ ನಾನು ಕೇಳುವುದು ಇದೊಂದೇ ಪ್ರಶ್ನೆ. ಉತ್ತರ ಊರಿಗೊಂದು ಥರ. ಕೆಲವು ಸಲ ಒಂದೇ ಮನೆಯಲ್ಲಿ ಅಣ್ಣನದೊಂದು, ತಮ್ಮನದೊಂದು. ಉಳಿದ ನಿಯಮಗಳಲ್ಲಿ ಅಂಥ ತಕರಾರು ಬರುವುದಿಲ್ಲ. ಬಂದರೆ ತುರುಪು ಅಂತ ಕವುಚಿಟ್ಟ ಎಲೆಯ ಸುತ್ತಲೇ ಬರುತ್ತದೆ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ನಾಲ್ಕು ಜನ, ಎದುರು ಕೂತವರು ಜೊತೆ. ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟರೆ 32 ಉಳಿಯುತ್ತವೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ರಾಜ, ರಾಣಿ, ಎಂಟು, ಏಳಕ್ಕೆ ಸೊನ್ನೆ. ಎಲೆಗಳ ಬಲವೂ ಇದೇ ಸಾಲಿನಲ್ಲಿ ಇಳಿಯುತ್ತದೆ, ಅಂದರೆ ರಾಜನನ್ನು ಹತ್ತು ತಿನ್ನುತ್ತದೆ! ಇಸ್ಪೀಟ್, ಡೈಮಂಡ್ ಹೀಗೆ ಒಂದೊಂದು ಜಾತಿಗೆ 7 ಪಾಯಿಂಟು, ನಾಲ್ಕು ಜಾತಿಗೆ 28. ಹಂಚುವುದು, ಆಡುವುದು ಎರಡೂ ಬಲಗಡೆಗೆ.

ಮೊದಲು ತಲಾ ನಾಲ್ಕು ಎಲೆ. ಅಷ್ಟನ್ನೇ ನೋಡಿ, ನಮ್ಮ ಜೋಡಿ ಇಷ್ಟು ಪಾಯಿಂಟು ಗೆಲ್ಲುತ್ತದೆ ಅಂತ ಕೂಗಬೇಕು, 14ರಿಂದ ಶುರು. ತನ್ನ ಜೊತೆಯವನು ಆಗಲೇ ಕೂಗಿದ್ದರೆ ಅವನ ಮೇಲೆ ಹೋಗಲು ಕನಿಷ್ಠ 20 ಬೇಕು. ಜಾಸ್ತಿ ಕೂಗಿದವನು ಒಂದು ಎಲೆಯನ್ನು ಕವುಚಿ ಇಡುತ್ತಾನೆ. ಅದರ ಜಾತಿಯೇ ತುರುಪು, ಅಂದರೆ ಬೇರೆ ಜಾತಿಯ ಎಲೆಗಳನ್ನೆಲ್ಲ ಹೊಡೆಯುವ ಜಾತಿ. ಆಮೇಲೆ ಉಳಿದ ನಾಲ್ಕು ಎಲೆ ಬರುತ್ತವೆ. ಆಟದ ಮಜಾ ಶುರುವಾಗುವುದು ಇಲ್ಲಿ. ತುರುಪು ಯಾವುದು ಅಂತ ಒಬ್ಬನಿಗೆ ಮಾತ್ರ ಗೊತ್ತು, ಅದು ಬೋರಲಾಗಿ ಬಿದ್ದಿರುವಷ್ಟು ಹೊತ್ತು ಅದಕ್ಕೆ ಯಾವ ಅಧಿಕಾರವೂ ಇಲ್ಲ. ಕೂಗಿದವನೇ ಆ ಜಾತಿಯ ಎಲೆಯನ್ನು ಮೊದಲು ಇಳಿಸುವ ಹಾಗಿಲ್ಲ, ಕೈಯಲ್ಲಿ ಬೇರೆ ಜಾತಿಯೇ ಇಲ್ಲದಿದ್ದರೆ ಮಾತ್ರ ಸರಿ. ಯಾರಾದರೊಬ್ಬರ ಹತ್ತಿರ ಇಳಿದ ಜಾತಿ ಇಲ್ಲದೆ, ಅವರು "ತುರುಪು ತೋರಿಸಿ" ಅಂದಾಗಲೇ ಅದು ಏಳುವುದು.

ನಮ್ಮದು ಸುಳ್ಯದ ಕಡೆ. ನೆಂಟರಲ್ಲಿ ಅರ್ಧ ಜನ ಕಾಸರಗೋಡಿನವರು. ಮದುವೆ ಮನೆಯಲ್ಲಿ ಹಿಂದಿನ ರಾತ್ರಿ ತರಕಾರಿ ಹೆಚ್ಚಿ ಮುಗಿದ ಮೇಲೆ ಜಗಲಿಯಲ್ಲಿ ಚಾಪೆ ಬೀಳಲೇಬೇಕು. ಅಂಥ ಒಂದು ಆಟದಲ್ಲಿ ಮಾವ 17 ಕೂಗಿ ಇಸ್ಪೀಟ್ ಏಳನ್ನು ಕವುಚಿಟ್ಟರು. ಗುಲಾಮ, ಒಂಬತ್ತು ಎರಡೂ ಕೈಯಲ್ಲೇ ಉಳಿದವು. ನಾನು ಅವರ ಜೊತೆ, ಎದುರಾಳಿಗಳು ಭಾವ ಮತ್ತು ಚಿಕ್ಕಪ್ಪ. ಭಾವ ಡೈಮಂಡ್ ಗುಲಾಮ ಇಳಿಸಿದರು. ನನ್ನದು ಏಳು. ಚಿಕ್ಕಪ್ಪನ ಹತ್ತಿರ ಡೈಮಂಡೇ ಇಲ್ಲ.

ಹೊಸಬನಾಗಿದ್ದರೆ ಅಲ್ಲೇ ತುರುಪು ಕೇಳಿಬಿಡುತ್ತಿದ್ದ. ಚಿಕ್ಕಪ್ಪ ಕೇಳಲಿಲ್ಲ. ಭಾವನ ಗುಲಾಮ ಹೇಗೂ ಗೆಲ್ಲುತ್ತಿದ್ದಾನೆ, ಸುಮ್ನೆ ಮಲಗಿರುವ ತುರುಪನ್ನು ಎಬ್ಬಿಸುವುದು ಯಾಕೆ? ಕಳಾವರ್ ಎಕ್ಕ ಎಸೆದು ತಮ್ಮವರಿಗೇ ಒಂದು ಪಾಯಿಂಟು ದಾನ ಮಾಡಿದರು. ಮಾವ ಡೈಮಂಡ್ ಎಂಟು ಹಾಕಿದರು. ನಾಲ್ಕು ಪಾಯಿಂಟು ಆ ಕಡೆ ಹೋಯಿತು. ಮುಂದಿನ ಸುತ್ತಿಗೆ ಭಾವ ಡೈಮಂಡ್ ಒಂಬತ್ತು ತಂದರು, ನನ್ನದು ರಾಜ, ಚಿಕ್ಕಪ್ಪನದು ಮತ್ತೆ ದಾನ, ಕಳಾವರ್ ಹತ್ತು. ಈಗ ಮಾವನ ಹತ್ತಿರ ಡೈಮಂಡ್ ಖಾಲಿ. ಅವರು ಅವಸರ ಮಾಡಲಿಲ್ಲ. ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, ಕವುಚಿಟ್ಟದ್ದನ್ನು ತಿರುಗಿಸಿ, ಮೇಲೆ ಇಸ್ಪೀಟ್ ಒಂಬತ್ತನ್ನು ಪಟ್ ಅಂತ ಹೊಡೆದರು. ಏಳು ಹಾಕಿದ್ದರೂ ಗೆಲ್ಲುತ್ತಿತ್ತು. ಆದರೆ ಕೊನೆಯ ಎಲೆ ಅವರದೇ, ಒಂಬತ್ತರ ಎರಡು ಪಾಯಿಂಟು ಭದ್ರವಾಗಿ ನಮ್ಮ ರಾಶಿಗೆ ಬಂತು. ಒಟ್ಟು ಐದು.

ಭಾವನ ಆಕ್ಷೇಪ ತಕ್ಷಣ ಬಂತು. ಅವರ ಊರಿನಲ್ಲಿ ಕೂಗಿದವನು ತಾನೇ ತುರುಪು ತೆರೆದರೆ ಕವುಚಿಟ್ಟ ಎಲೆಯನ್ನೇ ಹಾಕಬೇಕಂತೆ. ನಮ್ಮಲ್ಲಿ ಹಾಗಿಲ್ಲ, ಎಲೆ ಕೈಗೆ ವಾಪಸ್ ಬರುತ್ತದೆ, ಯಾವುದಾದರೂ ಹಾಕಬಹುದು. ಕಾಫಿ ಬರುವವರೆಗೆ ಅದೇ ಮಾತು.

ನನ್ನ ಪ್ರಶ್ನೆಗೆ ಬರುತ್ತೇನೆ. ತುರುಪು ಕೇಳಿದವನ ಹತ್ತಿರ ತುರುಪು ಇದ್ದರೆ ಆ ಸುತ್ತಿನಲ್ಲೇ ಹೊಡೀಬೇಕು ಅನ್ನುವುದು ಒಂದು ಪಂಗಡ. ತುರುಪು ನೋಡಿದ ಮೇಲೂ ಇಷ್ಟ ಬಂದದ್ದು ಹಾಕು ಅನ್ನುವುದು ಇನ್ನೊಂದು. ನಾನು ಮೊದಲನೆಯವರ ಕಡೆ. ಹೊಡೀಲೇಬೇಕು ಅಂತಿದ್ದರೆ ಕೇಳುವುದಕ್ಕೂ ಒಂದು ಬೆಲೆ ಬರುತ್ತದೆ. ಇಲ್ಲದಿದ್ದರೆ ಪುಕ್ಕಟೆ ಇಣುಕಿದ ಹಾಗೆ, ಅಲ್ವಾ?

ತಮಿಳುನಾಡು, ಶ್ರೀಲಂಕಾದಲ್ಲಿ ಆಡುವ 304 ಇದೇ ಗಂಟನ್ನು ಬೇರೆ ಥರ ಬಿಡಿಸಿದೆ. ಅದರಲ್ಲಿ ಗುಲಾಮನಿಗೆ 30, ಒಂಬತ್ತಕ್ಕೆ 20, ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 3, ರಾಣಿಗೆ 2. ಜಾತಿಗೆ 76, ನಾಲ್ಕು ಸೇರಿ 304. ತುರುಪು ಮುಚ್ಚಿರುವಾಗ ಇಳಿದ ಜಾತಿ ಇಲ್ಲದವನು ಏನೂ ಕೇಳುವುದಿಲ್ಲ, ತನ್ನ ಎಲೆಯನ್ನೂ ಕವುಚಿ ಹಾಕುತ್ತಾನೆ. ಸುತ್ತು ಮುಗಿದ ಮೇಲೆ ತುರುಪು ಇಟ್ಟವನು ಅದನ್ನು ಎತ್ತಿ ನೋಡುತ್ತಾನೆ. ತುರುಪಾಗಿದ್ದರೆ ಎಲ್ಲ ಬಯಲು. ಅಲ್ಲದಿದ್ದರೆ ಗುಟ್ಟು ಹಾಗೇ ಉಳಿಯುತ್ತದೆ. ಇದು ನನಗೆ ನಮ್ಮ ಪದ್ಧತಿಗಿಂತ ಚೆಂದ ಕಾಣುತ್ತದೆ, ಆದರೆ ಮನೆಯಲ್ಲಿ ಹೇಳುವ ಧೈರ್ಯ ಇಲ್ಲ.

ಕೇರಳದವರ 56ರಲ್ಲಿ ಗುಟ್ಟೇ ಇಲ್ಲ. ಎರಡು ಕಟ್ಟು ಸೇರಿಸಿ, ಏಳು ಎಂಟನ್ನೂ ಬಿಟ್ಟು, 48 ಎಲೆ, ಆರು ಜನ. ಕೂಗುವಾಗಲೇ ಜಾತಿಯ ಹೆಸರು ಹೇಳುತ್ತಾರೆ. ಅಂಕಿ ಮೊದಲೋ ಜಾತಿ ಮೊದಲೋ ಅನ್ನುವುದರಲ್ಲೇ ಜೊತೆಯವರಿಗೆ ಸುದ್ದಿ ಹೋಗಿರುತ್ತದೆ. ಸೋತವರ ಕಿವಿಗೆ ಕುಣುಕ್ಕು ಅಂತ ಎಲೆ ಸಿಕ್ಕಿಸುವ ತಮಾಷೆಯೂ ಅಲ್ಲಿಯದೇ. ಕಾಸರಗೋಡಿನ ನೆಂಟರು ಅದನ್ನು ನಮ್ಮ ಜಗಲಿಗೂ ತಂದಿದ್ದಾರೆ.

ಮಹಾರಾಷ್ಟ್ರದ ಮೆಂಡಿಕೋಟಿನಲ್ಲಿ ಹತ್ತುಗಳನ್ನು ಹಿಡಿಯುವುದೇ ಗುರಿ. ಅಲ್ಲಿ ಎರಡೂ ಥರ ಇದೆ: ಒಬ್ಬರು ಎಲೆ ಕವುಚಿಡುವ ಬಂದ್ ಹುಕುಂ ಒಂದು, ಜಾತಿ ಇಲ್ಲದವನು ಮೊದಲು ಎಸೆದ ಎಲೆಯೇ ತುರುಪಾಗುವ ಕಟ್ ಹುಕುಂ ಇನ್ನೊಂದು. ಮಕ್ಕಳಿಗೆ ಕಲಿಸುವುದಾದರೆ ಕಟ್ ಹುಕುಂ ಸುಲಭ.

ಬಂಗಾಳದ ಕಡೆಯ 29 ನಮ್ಮ ಆಟದ ಅಣ್ಣನೋ ತಮ್ಮನೋ. ಕೊನೆಯ ಸುತ್ತಿಗೆ ಒಂದು ಪಾಯಿಂಟು ಸೇರಿಸಿದ್ದರಿಂದ 29. ಈಗ ಆ ಒಂದನ್ನು ಬಿಟ್ಟೇ ಆಡುವವರೂ ಇದ್ದಾರೆ, ಹೆಸರು ಮಾತ್ರ ಬದಲಾಗಿಲ್ಲ. ತುರುಪು ಎದ್ದ ಮೇಲೆ ಅದರ ರಾಜ ರಾಣಿ ಒಬ್ಬನ ಕೈಯಲ್ಲೇ ಇದ್ದರೆ ಅವನು ಜೋಡಿ ತೋರಿಸಬಹುದು. ಕೂಗಿದವರದಾದರೆ ಗುರಿ ನಾಲ್ಕು ಇಳಿಯುತ್ತದೆ, ಎದುರಾಳಿಯದಾದರೆ ನಾಲ್ಕು ಏರುತ್ತದೆ. ಸೊನ್ನೆಯ ಎರಡು ಎಲೆಗೆ ನಾಲ್ಕು ಪಾಯಿಂಟಿನ ಮರ್ಯಾದೆ! ತಂಗಿಯ ಮಗ ಹಾಸ್ಟೆಲ್‌ನಲ್ಲಿ ಕಲಿತು ಬಂದು ಇದನ್ನು ನಮ್ಮಲ್ಲೂ ಸೇರಿಸಿ ಅಂತ ಹಟ ಹಿಡಿದಿದ್ದಾನೆ. ಮಾವ ಇನ್ನೂ ಒಪ್ಪಿಲ್ಲ, ನನ್ನ ವೋಟೂ ಮಾವನಿಗೇ.