ಹೊಸ ರಿವಾಲ್ವರ್ ತಂದು ಮೊದಲು ಬಿಚ್ಚೋದು ಯಾಕೆ?

ನನ್ನ ಹವ್ಯಾಸ ಗೊತ್ತಿರುವವರೆಲ್ಲ ಕೇಳುವುದು ಒಂದೇ: "ದುಡ್ಡು ಕೊಟ್ಟು ಹೊಸದನ್ನೇ ತಂದಿದ್ದೀಯಲ್ಲ ಮಾರಾಯ, ಒಂದು ಗುಂಡೂ ಹಾರಿಸದೆ ಬಿಚ್ಚಿಟ್ಟು ಅರ ಹಿಡಿದು ಕೂತಿದ್ದೀಯಲ್ಲ, ಯಾಕೆ?" ಯಾಕೆ ಅಂದರೆ ಅದು ನೋಡೋಕೆ ಮಾತ್ರ ಮುಗಿದಿರುತ್ತದೆ. ಒಂದಕ್ಕೊಂದು ಹೊಂದಿಸುವ ಕೆಲಸ ಅರ್ಧಕ್ಕರ್ಧ ಕೊಂಡವನ ಪಾಲಿಗೇ ಬರುತ್ತದೆ.

ನಾನಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. ನನ್ನ ಹತ್ತಿರ ಇರುವುದು ಕೋಲ್ಟ್ 1851 ನೇವಿ ಅನ್ನುವ ಹಳೇ ಕಾಲದ ರಿವಾಲ್ವರಿನ ನಕಲು, .36 ಕ್ಯಾಲಿಬರ್. ಇಂಥವು ಹೆಚ್ಚಾಗಿ ಇಟಲಿಯ ಬ್ರೆಶಾ ಸುತ್ತಮುತ್ತಲಿಂದ ಬರುತ್ತವೆ. ತೋಟಾ ಇಲ್ಲ. ಮಲೆನಾಡಿನ ಹಳೇ ಕೇಪಿನ ಕೋವಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಮದ್ದು, ಅದರ ಮೇಲೆ ಸೀಸದ ಗುಂಡು, ಹಿಂದೆ ಕೇಪು, ಅಂದರೆ ಹ್ಯಾಮರ್ ಬಡಿದಾಗ ಕಿಡಿ ಹಾರಿಸುವ ತಾಮ್ರದ ಪುಟ್ಟ ಟೋಪಿ. ಇಲ್ಲಿ ಅಂಥ ಆರು ಕೋಣೆಗಳು ಒಂದೇ ಸಿಲಿಂಡರಿನಲ್ಲಿ ಸುತ್ತುತ್ತವೆ, ಅಷ್ಟೇ. (ಊರಿಗೆ ತರುವ ಯೋಚನೆ ಬೇಡ. ಅಮೆರಿಕದ 1968ರ ಕಾಯ್ದೆ ಇದನ್ನು ಪುರಾತನ ಆಯುಧದ ಲೆಕ್ಕಕ್ಕೆ ಹಾಕಿದೆ, ನಮ್ಮಲ್ಲಿ ಆ ರಿಯಾಯಿತಿ ಇಲ್ಲ.)

ಮೊದಲು ನಳಿಗೆ. ಕೋಲ್ಟ್‌ನಲ್ಲಿ ಸಿಲಿಂಡರಿನ ಮೇಲೆ ಪಟ್ಟಿ ಇಲ್ಲ, ನಳಿಗೆ ನಿಲ್ಲುವುದು ಮಧ್ಯದ ಒಂದು ದಪ್ಪ ಕಡ್ಡಿ ಮತ್ತು ಅಡ್ಡ ಹೊಡೆದ ಬೆಣೆಯ ಮೇಲೆ. ಎಷ್ಟೋ ನಕಲುಗಳಲ್ಲಿ ಆ ಕಡ್ಡಿ ಗಿಡ್ಡ, ತಾನು ಕೂರಬೇಕಾದ ತೂತಿನ ತಳ ಮುಟ್ಟುವುದೇ ಇಲ್ಲ. ಹಾಗಾದಾಗ ಬೆಣೆ ಸ್ವಲ್ಪ ಜಾಸ್ತಿ ಬಡಿದರೆ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ಕಡಿಮೆ ಬಡಿದರೆ ನಳಿಗೆ ಅಲ್ಲಾಡುತ್ತದೆ. ತೂತಿನ ತಳಕ್ಕೆ ಸರಿಯಾದ ದಪ್ಪದ ಉಕ್ಕಿನ ಬಿಲ್ಲೆ ಹಾಕಿದರೆ ಆಯ್ತು, ಆಮೇಲೆ ಬೆಣೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ.

ನಿಜವಾದ ತಲೆನೋವು ಕೇಪು. ಹೊಡೆದ ಕೇಪಿನ ತಾಮ್ರ ಹೂವಿನ ಹಾಗೆ ಬಿರಿಯುತ್ತದೆ. ಹ್ಯಾಮರ್ ಹಿಂದಕ್ಕೆ ಎಳೆದಾಗ ಅದರ ಮೂತಿಯಲ್ಲಿರುವ ಕಚ್ಚು ಆ ಚೂರನ್ನು ಕಿತ್ತುಕೊಂಡು ಬರುತ್ತದೆ, ಚೂರು ಹ್ಯಾಮರಿನ ಸಂದಿಯೊಳಗೆ ಬೀಳುತ್ತದೆ, ಮುಂದಿನ ಸಲ ಹ್ಯಾಮರ್ ಕೇಪಿನವರೆಗೆ ಹೋಗುವುದೇ ಇಲ್ಲ. ನಳಿಗೆ ಮೇಲೆತ್ತಿ ಚೂರು ಉದುರಿಸಿಕೊಂಡು ಹ್ಯಾಮರ್ ಎಳೆಯುವುದು ಹಳೇ ಉಪಾಯ, ಆದರೆ ಗುಂಡು ಹಾರಿಸುವ ಎಷ್ಟೋ ರೇಂಜ್‌ಗಳಲ್ಲಿ ನಳಿಗೆ ಗುರಿಯ ಕಡೆ ಬಿಟ್ಟು ಬೇರೆಲ್ಲೂ ತಿರುಗುವಂತಿಲ್ಲ. ಹಾಗಾಗಿ ಕೇಪು ಬಿಗಿಯಾಗಿ ಕೂರುವ ನಿಪ್ಪಲ್ (ಕೋಣೆಯ ಹಿಂದಿನ ತೂತಿರುವ ಸಣ್ಣ ಮೊಳೆ) ಹಾಕಬೇಕು, ಹ್ಯಾಮರಿನ ಮೂತಿಯ ಒರಟನ್ನು ಪಾಲಿಶ್ ಪೇಪರಿನಲ್ಲಿ ತೆಗೆಯಬೇಕು, ಬೇಕಾದರೆ ಸಂದಿಯಲ್ಲಿ ಕೇಪನ್ನು ತಡೆಯುವ ಸಣ್ಣ ಪಿನ್ ಕೂರಿಸಬೇಕು. ಹ್ಯಾಮರಿನ ಸ್ಪ್ರಿಂಗ್ ಗಟ್ಟಿ ಅಂತ ಸಿಕ್ಕಾಪಟ್ಟೆ ಸವೆಸಿಬಿಟ್ಟರೆ ನಿಪ್ಪಲಿನಿಂದ ಹಿಂದೆ ಬರುವ ಗಾಳಿಯೇ ಹ್ಯಾಮರನ್ನು ಎತ್ತಿಬಿಡುತ್ತದೆ. ಟ್ರಿಗರಿನ ಕೊಕ್ಕೆಗಂತೂ ಅರ ಮುಟ್ಟಿಸಲೇಬೇಡಿ. ಟ್ರಿಗರ್ ಹಗುರ ಆಗಲಿ ಅಂತ ಉಜ್ಜಿದವರ ರಿವಾಲ್ವರ್ ಪಕ್ಕ ನಾನು ನಿಲ್ಲುವುದಿಲ್ಲ.

ಆಮೇಲೆ ರೇಂಜು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಮೊದಲು ಬರೀ ಕೇಪು ಹೊಡೆಯುತ್ತೇನೆ. ಒಳಗಿನ ಎಣ್ಣೆ ಸುಟ್ಟುಹೋಗುತ್ತದೆ, ನಳಿಗೆಯ ಮುಂದಿನ ಹುಲ್ಲಿನ ಎಸಳು ಅಲ್ಲಾಡಿದರೆ ದಾರಿ ಸರಿಯಿದೆ ಅಂತ ಅರ್ಥ. ಆಮೇಲೆ ಕಪ್ಪು ಮದ್ದು, ಹೊಗೆ ಬಾರದ ಈಗಿನ ಮದ್ದು ಯಾವತ್ತೂ ಇಲ್ಲ. .375 ಇಂಚಿನ ಮೆತ್ತನೆ ಸೀಸದ ಗುಂಡು ಕೋಣೆಗಿಂತ ಕೂದಲಷ್ಟು ದೊಡ್ಡದು. ಸನ್ನೆಗೋಲು ಒತ್ತಿ ಗುಂಡನ್ನು ಕೋಣೆಗೆ ತಳ್ಳಿದಾಗ ಅಂಚಿನಲ್ಲಿ ಸೀಸದ ತೆಳು ಬಳೆಯೊಂದು ಸುಲಿದು ಬರಬೇಕು. ಬರದಿದ್ದರೆ ಗುಂಡು ಸಡಿಲ, ಪಕ್ಕದ ಕೋಣೆಗೂ ಬೆಂಕಿ ಹತ್ತಬಹುದು. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಡಬಾರದು. ಐದು ಕೋಣೆಗೆ ಮಾತ್ರ ಈಡು, ಹ್ಯಾಮರ್ ಖಾಲಿ ಕೋಣೆಯ ಮೇಲೆ.

ಇಪ್ಪತ್ತೈದು ಗಜದಲ್ಲಿ ಗುಂಡು ಗುರಿಗಿಂತ ಎಷ್ಟೋ ಮೇಲೆ ಹೋದರೆ ಗಾಬರಿ ಬೇಡ, ಕೋಲ್ಟ್ ಜಾತಿಯ ಗುಣವೇ ಅದು. ಗುರಿ ನೋಡುವ ಹಿಂದಿನ ಸೀಳು ಇರುವುದು ಹ್ಯಾಮರಿನ ತಲೆಯ ಮೇಲೆ. ಮುಂದೆ ಎತ್ತರದ ಗುರಿಕಡ್ಡಿ ಹಾಕಿ ಚೂರುಚೂರೇ ಸವೆಸಿದರೆ ಸರಿಹೋಗುತ್ತದೆ. ಇದನ್ನು ಕೊನೆಗೆ ಮಾಡಿ, ಅದೂ ನೀವು ಮುಂದೆ ಯಾವಾಗಲೂ ಹಾಕುವಷ್ಟೇ ಮದ್ದು ಹಾಕಿ. ಮದ್ದು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ.

ತೊಳೆಯುವುದು ಅದೇ ದಿನ, ಬಿಸಿನೀರು ಮತ್ತು ಸೋಪಿನಲ್ಲಿ. ಈ ಮಸಿ ಗಾಳಿಯ ತೇವ ಹೀರಿ ಬೇಗ ತುಕ್ಕು ಹಿಡಿಸುತ್ತದೆ. ಅಡುಗೆಮನೆ ಸಿಂಕಿನಲ್ಲಿ ಬೇಡ, ಕೊಳೆತ ಮೊಟ್ಟೆ ವಾಸನೆಗೆ ಮನೆಯವರು ರಿವಾಲ್ವರ್ ಸಮೇತ ನಿಮ್ಮನ್ನೂ ಹೊರಗೆ ಹಾಕುತ್ತಾರೆ.